ಗೇಣಾಳದ ಮಣ್ಣು

ಬೆಟ್ಟದ ಇಳಿಜಾರಿನಲ್ಲಿ, ಹಾಳೆಹಾಳೆಯಾದ ಪದರಗಲ್ಲಿನ ಮೇಲೆ, ಗೇಣಾಳದ ಮಣ್ಣಿತ್ತು. ಹುಲ್ಲಿನ ಹೊರತು ಏನೂ ಬೆಳೆಯದ ಅದಕ್ಕೆ ತನ್ನಲ್ಲೂ ಒಂದು ಮರ ನಿಲ್ಲಲಿ ಎಂಬ ಆಸೆ. ಒಂದು ದಿನ ಗಾಳಿಗೆ ಹಾರಿಬಂದ ದೇವದಾರು ಬೀಜ ಕೇಳಿತು: "ಅಮ್ಮಾ, ನಾನು ದೊಡ್ಡ ಮರವಾಗಬೇಕು. ನಿನ್ನಲ್ಲಿ ಆಳವಿದೆಯೇ?"

"ಬೇಕಾದಷ್ಟಿದೆ ಮಗೂ, ಬಾ" ಎಂದಿತು ಮಣ್ಣು.

"ಬೀಜಕ್ಕೆ ನಿಜ ಹೇಳು" ಎಂದು ಕೆಳಗಿನ ಕಲ್ಲು ಎಚ್ಚರಿಸಿತು. ಮಣ್ಣು ಕಿವಿಗೊಡಲಿಲ್ಲ.

ಬೀಜ ಮರವಾಯಿತು. ಬೇರುಗಳು ಕಲ್ಲಿಗೆ ತಗುಲಿ ಅಡ್ಡಡ್ಡ ಹರಡಿದವು. ಇಪ್ಪತ್ತನೆಯ ಮಳೆಗಾಲದ ಬಿರುಗಾಳಿಗೆ ಮರ ವಾಲಿತು. ಬೇರಿನೊಡನೆ ಮಣ್ಣೂ ಕಿತ್ತು ಬರತೊಡಗಿತು.

"ಆಳವಿಲ್ಲವೆಂದು ಅಂದೇ ಏಕೆ ಹೇಳಲಿಲ್ಲ, ಅಮ್ಮಾ?" ಎಂದಿತು ಮರ.

"ಹೇಳಿದ್ದರೆ ನೀನು ನನ್ನಲ್ಲಿ ನಿಲ್ಲುತ್ತಿರಲಿಲ್ಲ, ಮಗೂ."

ಮಳೆ ನಿಂತಾಗ ಅಲ್ಲಿ ಬರಿಯ ಕಲ್ಲು ಉಳಿದಿತ್ತು.