ಧಕ್ಕೆಯ ಕಂಬಕ್ಕೆ ಕಟ್ಟಿದ ಟವೆಲ್

ಒಂದು ಅಳಿವೆಯ ದಡದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಚಾ ಅಂಗಡಿ. ಗುರು ಅಂದರೆ ಜಟ್ಟಣ್ಣ, ಎಪ್ಪತ್ತು ದಾಟಿದ ಅಂಬಿಗ. ಶಿಷ್ಯ ದಾಮು, ಪ್ರವಾಸಿಗಳನ್ನು ಕೂರಿಸಿಕೊಂಡು ಹೊಳೆ ಸುತ್ತಿಸುವ ಇಂಜಿನ್ ದೋಣಿಯವನು. ಚಾ ಅಂಗಡಿ ನನ್ನದು. ಮಕ್ಕಳೇ, ಕೂತು ಕೇಳಿ. ಫೋನಿನಲ್ಲಿ ಓದುವ ದೊಡ್ಡವರೇ, ನೀವು ಅರ್ಧ ಓದಿ ಹತ್ತು ಗ್ರೂಪಿಗೆ ಕಳಿಸುವ ಪೈಕಿ ಅಂತ ನನಗೆ ಗೊತ್ತುಂಟು. ಇದೊಂದನ್ನು ಕೊನೆವರೆಗೆ ಓದಿ. ಹೇಳಿ ಹೇಳಿ ನನಗೂ ಸಾಕಾಗಿದೆ.

ಅಳಿವೆ ಅಂದರೆ ಹೊಳೆ ಹೋಗಿ ಸಮುದ್ರಕ್ಕೆ ಸೇರುವ ಜಾಗ. ನೋಡಲಿಕ್ಕೆ ಚಂದ. ಫೋಟೋ ತೆಗೆಯಲಿಕ್ಕೆ ಇನ್ನೂ ಚಂದ. ಆದರೆ ಅಳಿವೆಯ ಬಾಯಿಯ ಹತ್ತಿರ ನೀರಿನ ಅಡಿಯಲ್ಲಿ ಮರಳದಿಬ್ಬ ಉಂಟು. ಸಮುದ್ರದ ನೀರು ಇಳಿಯುವ ಹೊತ್ತಿಗೆ ಹೊಳೆಯೂ ಅದರ ಹಿಂದೆ ಓಡುತ್ತದೆ, ಮೇಲೆ ತೇಲುವುದನ್ನೆಲ್ಲ ಎಳೆದುಕೊಂಡು. ನೀರು ಇಳಿದಷ್ಟೂ ಆ ದಿಬ್ಬದ ಮೇಲೆ ತೆರೆ ಒಡೆಯುವುದು ಜಾಸ್ತಿ.

ಜಟ್ಟಣ್ಣ ದಾಮುವಿಗೆ ಎಲ್ಲ ಕಲಿಸಿದ್ದ. ಇಳಿತ ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯದು, ದೋಣಿ ಎಷ್ಟು ಜನರನ್ನು ಹೊರುತ್ತದೆ. ಒಬ್ಬ ಜಾಸ್ತಿಯಾದರೂ ಅವನನ್ನು ಇಳಿಸು, ಅವನು ಯಾರ ಭಾವನಾದರೂ ಆಗಲಿ. ಲೈಫ್ ಜಾಕೆಟ್ ಅಂದರೆ ಕುಂಡೆ ಅಡಿಗೆ ಹಾಕಿಕೊಳ್ಳುವ ಮಣೆ ಅಲ್ಲ, ಹಾಕಿಸು, ಬಕಲ್ ನೀನೇ ಎಳೆದು ನೋಡು. ಇಂಜಿನ್ ಇದ್ದರೂ ಹುಟ್ಟು ಇಡು, ಲಂಗರು ಇಡು, ಉದ್ದದ ಹಗ್ಗ ಇಡು. ದೋಣಿ ಮುಳುಗಿದರೂ ದೋಣಿ ಬಿಡಬೇಡ, ದಡ ಹತ್ತಿರ ಕಾಣ್ತದೆ ಅಂತ ಈಜಲಿಕ್ಕೆ ಹೋಗಬೇಡ. ಇದನ್ನೆಲ್ಲ ದಾಮು ಚೆಂದ ಕಲಿತಿದ್ದ. ಸುಳ್ಳು ಹೇಳಬಾರದು, ಹುಡುಗ ಒಳ್ಳೆಯವ.

ಆದರೆ ದೋಣಿ ಕಟ್ಟುವ ನಮ್ಮ ಧಕ್ಕೆಯಲ್ಲಿ ಇನ್ನೊಂದು ಕ್ರಮ ಉಂಟು. ದೋಣಿ ಬಿಡುವವನು ತನ್ನ ಹೆಗಲ ಮೇಲಿನ ಟವೆಲನ್ನು ಧಕ್ಕೆಯ ತುದಿಯ ಕಂಬಕ್ಕೆ ಕಟ್ಟಿ ಹೋಗಬೇಕು. ಬಂದಮೇಲೆ ಅವನೇ ಬಿಚ್ಚಿಕೊಳ್ಳಬೇಕು. ಕಟ್ಟಿದವನ ಹೊರತು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಸಂಜೆ ಆರು ಗಂಟೆಗೆ ನಾನು ಅಂಗಡಿಯಿಂದ ಕಂಬ ನೋಡುವುದು. ಟವೆಲ್ ಉಳಿದಿದ್ದರೆ ಜಟ್ಟಣ್ಣನಿಗೆ ಕೂಗುವುದು. ಅವನು ದೋಣಿ ತೆಗೆದುಕೊಂಡು ಹುಡುಕಲಿಕ್ಕೆ ಹೋಗುವುದು. ಇಷ್ಟೇ. ಇದಕ್ಕೆ ಓದು ಬೇಡ, ಕಂಪ್ಯೂಟರ್ ಬೇಡ.

ಈ ಇಷ್ಟೇ ಎನ್ನುವುದನ್ನೇ ದಾಮು ಮರೆಯುತ್ತಿದ್ದ. ಪ್ರವಾಸಿಗಳ ಗಾಡಿ ಸೇತುವೆ ಹತ್ತಿರ ನಿಲ್ಲುತ್ತದೆ, ದಾಮುವಿನ ಮನೆಯೂ ಅಲ್ಲೇ. ಜನರನ್ನು ಅಲ್ಲಿ ಇಳಿಸಿ, ದೋಣಿ ಅಲ್ಲೇ ಕಟ್ಟಿ, ಸೀದಾ ಮನೆಗೆ ಹೋಗಿಬಿಡುತ್ತಿದ್ದ. ಟವೆಲ್ ಇಲ್ಲಿ ಕಂಬದಲ್ಲಿ ಹಾರಾಡುತ್ತಿತ್ತು. ಫೋನ್ ಮಾಡಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಆ ಬದಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮೊದಲ ಸಲ ಜಟ್ಟಣ್ಣ ಅಳಿವೆಯ ಬಾಯಿಯವರೆಗೆ ಹೋಗಿ ಹುಡುಕಿದ. ದಾಮು ಮನೆಯಲ್ಲಿ ಮೀನು ಸಾರು ಉಣ್ಣುತ್ತಿದ್ದ. ಎರಡನೇ ಸಲ ಮಲಗಿದ್ದ. ಮೂರನೇ ಸಲ ಜಿಟಿಜಿಟಿ ಮಳೆ. ಜಟ್ಟಣ್ಣ ಒದ್ದೆ ತೊಪ್ಪೆಯಾಗಿ ವಾಪಸ್ ಬಂದ, ಮಂಡಿ ಊದಿಕೊಂಡು ಮೆಟ್ಟಿಲು ಹತ್ತಲಿಕ್ಕೆ ಆಗಲಿಲ್ಲ. ನಮ್ಮ ದಾಮು ಶಾಲೆಯ ಜಗಲಿಯಲ್ಲಿ ಕೂತು ಹುಡುಗರ ವಾಲಿಬಾಲ್ ನೋಡುತ್ತಿದ್ದನಂತೆ, ಮಳೆಯಲ್ಲಿ!

ಮಾರನೇ ದಿನ ನಾನು ಅವನನ್ನು ಬಿಡಲಿಲ್ಲ.

"ನಿಂಗೆ ನಾಚಿಕೆ ಆಗುದಿಲ್ವನಾ? ಆ ಮುದುಕನ ಕಾಲು ನೋಡು ಹೋಗು. ನೀನು ಜೀವಂತ ಇದ್ದಿ ಅಂತ ತಿಳಿಲಿಕ್ಕೆ ಅವ ಸಾಯಬೇಕಾ?"

ದಾಮು ತಲೆ ತಗ್ಗಿಸಿ ನಿಂತ. "ಇನ್ನು ಮರೆಯುದಿಲ್ಲ ಅಕ್ಕಾ," ಅಂದ.

"ಹೌದು, ಹೌದು. ಬೆಳಿಗ್ಗೆ ಹೇಳ್ತಿ, ಸಂಜೆಗೆ ಮರೀತಿ."

ಜಟ್ಟಣ್ಣ ಮಾತ್ರ ಬೈಯಲಿಲ್ಲ. ಮಂಡಿಗೆ ಎಣ್ಣೆ ತಿಕ್ಕುತ್ತ ಆಕಳಿಸಿದ.

ಆಮೇಲೆ ಹತ್ತು ದಿನ ದಾಮು ತಪ್ಪದೆ ಬಂದು ಟವೆಲ್ ಬಿಚ್ಚಿಕೊಂಡು ಹೋದ. ನನಗೆ ನಂಬಿಕೆ ಬರಲಿಲ್ಲ. ಹತ್ತು ದಿನದ ಭಕ್ತಿ, ಹನ್ನೊಂದನೇ ದಿನ ನಾಯಿ ಬಾಲ ಮೊದಲಿನ ಹಾಗೇ ಡೊಂಕು ಅಂದುಕೊಂಡೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವವಳು ನಾನು. ಸಂಜೆ ಆಗುವಾಗ ನನಗೆ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ, ಕಾಲು ಅಷ್ಟು ನೋಯುತ್ತದೆ.

ಹನ್ನೊಂದನೇ ದಿನ ಭಾನುವಾರ. ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಬಂತು, ಆರು ಜನ. ಅದರಲ್ಲಿ ಒಬ್ಬಳು ಅಜ್ಜಿ, ಸಮುದ್ರ ಅಂದರೆ ಹೇಗಿರುತ್ತದೆ ಅಂತ ಅವತ್ತೇ ಮೊದಲ ಬಾರಿ ನೋಡಿದ್ದು. ದಾಮು ಎಲ್ಲರಿಗೂ ಜಾಕೆಟ್ ಹಾಕಿಸಿ ಬಕಲ್ ಎಳೆದು ನೋಡಿದ. ಅಜ್ಜಿ, "ಇದೇನಪಾ, ಕತ್ತೆಗೆ ಹೇರು ಕಟ್ಟಿದಂಗ ಕಟ್ಟೀಯಲ್ಲ," ಅಂತ ನಕ್ಕಳು. ದಾಮು ಕಂಬಕ್ಕೆ ಟವೆಲ್ ಕಟ್ಟಿದ. ಈ ಹತ್ತು ದಿನದ ಹಾಗೆ ಅವತ್ತೂ ಸುಮಾರು ಹೊತ್ತು ಅದಕ್ಕೆ ಗಂಟು ಹಾಕುತ್ತ ನಿಂತಿದ್ದ. ನಾನು ಬೋಂಡಾ ಕರಿಯುತ್ತಿದ್ದೆ, ಯಾಕೆ ಅಂತ ನೋಡಲಿಲ್ಲ. ಮೂರೂವರೆಗೆ ದೋಣಿ ಹೋಯಿತು.

ಆರು ಗಂಟೆ. ಟವೆಲ್ ಕಂಬದಲ್ಲೇ ಇತ್ತು.

ನನಗೆ ಹೆದರಿಕೆ ಆಗಲಿಲ್ಲ, ನಿಜ ಹೇಳ್ತೇನೆ. ನನಗೆ ಬೇಜಾರು ಬಂತು. ಮತ್ತೆ ಶುರುವಾಯಿತಲ್ಲ ಇವನದ್ದು! ಆಗಲೇ ಜಟ್ಟಣ್ಣ ದೂರದಲ್ಲಿ ಬರುವುದು ಕಾಣಿಸಿತು. ಮಂಡಿಗೆ ಬಟ್ಟೆ ಸುತ್ತಿಕೊಂಡಿದ್ದ, ಒಂದು ಕಾಲು ಎಳೆದು ಹಾಕುತ್ತಿದ್ದ. ಟವೆಲ್ ನೋಡಿದರೆ ಈ ಮುದುಕ ಒಂದು ಮಾತೂ ಆಡದೆ ದೋಣಿ ಹತ್ತುತ್ತಾನೆ. ಆ ಹಾಳು ಹುಡುಗ ಮನೆಯಲ್ಲಿ ಕಾಲು ಚಾಚಿಕೊಂಡು ಇರುತ್ತಾನೆ. ಇದು ನನ್ನ ತಲೆಗೆ ಬಂದದ್ದೇ ತಡ, ನಾನು ಓಡಿಹೋಗಿ ಕಂಬದಿಂದ ಟವೆಲ್ ಬಿಚ್ಚಿ, ಮುದ್ದೆ ಮಾಡಿ, ಸಕ್ಕರೆ ಡಬ್ಬದ ಹಿಂದೆ ತುರುಕಿದೆ.

ಜಟ್ಟಣ್ಣ ಬಂದ. ಕಂಬ ನೋಡಿದ. ಬೆಂಚಿನ ಮೇಲೆ ಉಸ್ಸಂತ ಕೂತ.

"ದಾಮು ಬಂದ್ನಾ ತಂಗೀ?"

"ಹೂಂ, ಬಂದ," ಅಂದೆ.

ಆ ಹೂಂ ಇವತ್ತಿಗೂ ನನ್ನ ಬಾಯಲ್ಲಿ ಕಹಿಯಾಗಿ ಉಂಟು.

"ಬಂದದ್ದು ಒಳ್ಳೇದಾಯ್ತು. ನಿನ್ನೆ ಹುಣ್ಣಿಮೆ ಅಲ್ವಾ, ಇವತ್ತು ಇಳಿತ ಜೋರುಂಟು," ಅಂದ ಜಟ್ಟಣ್ಣ. ಕಾಲು ನೀಡಿಕೊಂಡು ಚಾ ಕುಡಿದ. ಊರಿನ ಸುದ್ದಿ ಹೇಳಿದ. ಇನ್ನೊಂದು ಅರ್ಧ ಗ್ಲಾಸು ಕೇಳಿದ. ಮುದುಕ ಆರಾಮಾಗಿ ಕೂತಿದ್ದಾನೆ, ಕೂತಿರಲಿ ಅಂದುಕೊಂಡೆ.

ಅರ್ಧ ಗ್ಲಾಸಿಗೆ ಸಕ್ಕರೆ ಹಾಕಲಿಕ್ಕೆ ಡಬ್ಬ ಎಳೆದೆ. ಹಿಂದಿದ್ದ ಟವೆಲ್ ಜಾರಿ ಕೆಳಗೆ ಬಿತ್ತು. ಬಟ್ಟೆ ಬಿದ್ದರೆ ಸದ್ದು ಆಗಬಾರದು. ಇದು ಠಣ್ ಅಂತು. ಎತ್ತಿ ನೋಡಿದರೆ ಟವೆಲಿನ ಮೂಲೆಯಲ್ಲಿ ಬಿಗಿಯಾಗಿ ಒಂದು ಗಂಟು. ಗಂಟಿನ ಒಳಗೆ ಒಂದು ಬೀಗದ ಕೈ.

ದಾಮುವಿನ ಮನೆಯ ಬೀಗದ ಕೈ. ಅದಕ್ಕೆ ಕಟ್ಟಿದ ಕೆಂಪು ದಾರ ನನಗೆ ಗೊತ್ತು, ನನ್ನ ಅಂಗಡಿಯದ್ದೇ ದಾರ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ಮನೆಯಲ್ಲಿ ಬೇರೆ ಯಾರೂ ಇಲ್ಲ, ಬೇರೆ ಕೀ ಇಲ್ಲ. ಹುಡುಗ ನನ್ನ ಬೈಗುಳ ತಿಂದು, ಯಾರಿಗೂ ಹೇಳದೆ, ತನ್ನ ಮರೆವಿಗೆ ತಾನೇ ಮದ್ದು ಮಾಡಿಕೊಂಡಿದ್ದ. ಟವೆಲ್ ಬಿಚ್ಚದೆ ಅವನಿಗೆ ಮನೆಯ ಬಾಗಿಲು ತೆರೆಯುವ ಹಾಗೇ ಇರಲಿಲ್ಲ. ಹತ್ತು ದಿನ ತಪ್ಪದೆ ಬಂದದ್ದು ಅದಕ್ಕೆ.

ಹಾಗಾದರೆ ಅವನು ಮನೆಯಲ್ಲಿ ಇಲ್ಲ. ನೀರಿನ ಮೇಲೆ ಇದ್ದಾನೆ. ಜೊತೆಗೆ ಆರು ಜನ.

"ಜಟ್ಟಣ್ಣಾ, ದಾಮು ಬರಲಿಲ್ಲ. ನಾನೇ ಬಿಚ್ಚಿದ್ದು. ನಿನ್ನ ಕಾಲು ನೋಡಿ ನಾನೇ ಬಿಚ್ಚಿದೆ," ಅಂದೆ.

ಅವನು ನನ್ನನ್ನು ಒಂದು ಸಲ ನೋಡಿದ. ಗ್ಲಾಸನ್ನು ಬೆಂಚಿನ ಮೇಲೆ ಇಟ್ಟ. ಬಲೆ ಹೆಣೆಯುತ್ತಿದ್ದ ಇಬ್ಬರನ್ನು ಕೂಗಿ ದೋಣಿ ಹತ್ತಿದ. ಆಗ ಗಂಟೆ ಆರೂವರೆ. ಅರ್ಧ ಗಂಟೆ, ಮಕ್ಕಳೇ. ಅರ್ಧ ಗಂಟೆ ನಾನು ಅವನಿಗೆ ಚಾ ಕುಡಿಸಿದ್ದೆ.

ನಾನು ಅಂಗಡಿ ಹಾಗೇ ಬಿಟ್ಟು ಕಂಬದ ಹತ್ತಿರ ನಿಂತೆ. ದಾಮುವಿನ ನಂಬರಿಗೆ ಎಷ್ಟು ಸಲ ಒತ್ತಿದೆನೋ. ಸ್ವಿಚ್ ಆಫ್. ಅವನ ಹೆಂಡತಿಗೆ ಎಂತ ಅಂತ ಹೇಳುವುದು? ಊರಿನ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಕತ್ತಲು ಪೂರ್ತಿ ಕವಿಯುವ ಮೊದಲು ಜಟ್ಟಣ್ಣನ ದೋಣಿ ಬಂತು. ನಾನು ಒಂದೊಂದು ತಲೆ ಎಣಿಸಿದೆ. ದಾಮು ಸೇರಿ ಏಳಕ್ಕೆ ಏಳೂ ಇತ್ತು.

ಆದದ್ದು ಇಷ್ಟು. ಐದು ಗಂಟೆ ಸುಮಾರಿಗೆ ಇಂಜಿನ್ನಿನ ಫ್ಯಾನಿಗೆ ಹರಿದ ಬಲೆ ಸುತ್ತಿಕೊಂಡು ದೋಣಿ ನಿಂತಿತು. ಹುಟ್ಟು ಹಾಕಿದರೂ ಇಳಿತದ ಎದುರು ಆಗಲಿಲ್ಲ. ದಿಬ್ಬದ ಹತ್ತಿರ ಲಂಗರು ಕಚ್ಚಿತು, ಆದರೆ ತೆರೆ ಒಂದರ ಹಿಂದೆ ಒಂದು ಬಂದು ದೋಣಿಗೆ ನೀರು ತುಂಬಿತು. ಫೋನುಗಳೆಲ್ಲ ಒದ್ದೆ. ದೋಣಿ ಅರ್ಧ ಮುಳುಗಿ ನಿಂತಿತು, ಜಾಕೆಟ್ ಇದ್ದದ್ದಕ್ಕೆ ಜನ ತೇಲಿದರು. ದಾಮು ಎಲ್ಲರ ಕೈಯನ್ನೂ ದೋಣಿಯ ಅಂಚಿಗೆ ಹಿಡಿಸಿದ. ಅಜ್ಜಿಗೆ ಹಿಡಿಯುವ ಶಕ್ತಿ ಇರಲಿಲ್ಲ, ಅವಳಿಗೆ ಹಗ್ಗ ಸುತ್ತಿ ಅದರ ತುದಿಯನ್ನು ತನ್ನ ಬಲಗೈಗೆ ಸುತ್ತಿಕೊಂಡ.

ಮುಂದಿನದನ್ನು ಅಜ್ಜಿಯೇ ಹೇಳಿದಳು. ಅವಳನ್ನು ನನ್ನ ಒಲೆಯ ಮುಂದೆ ಕೂರಿಸಿ, ನನ್ನ ಸೀರೆ ಸುತ್ತಿ, ಬಿಸಿ ಚಾ ಹಿಡಿಸಿದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು, ಕೂತದ್ದು ಯಾರ ಅಂಗಡಿ ಅಂತಲೂ ಅವಳಿಗೆ ಗೊತ್ತಿರಲಿಲ್ಲ.

"ನನ್ನ ಮಗ ಈಜಿ ದಂಡಿಗೆ ಹೊಕ್ಕೇನಿ ಅಂದ. ಈ ಹುಡುಗ ಬಿಡಲಿಲ್ಲ ನೋಡವ್ವಾ. ದೋಣಿ ಬಿಡಬ್ಯಾಡ್ರಿ, ಕಂಬದಾಗ ನನ್ನ ಟವೆಲ್ ಐತಿ, ಚಾ ಅಂಗಡಿ ಅಕ್ಕ ಆರಕ್ಕ ನೋಡತಾಳ, ಜಟ್ಟಣ್ಣ ಬರತಾನ ಅಂದ. ಆರು ಆತು, ಯಾರೂ ಬರಲಿಲ್ಲ. ತೆರಿ ಜೋರಾತು. ಅಕ್ಕ ನೋಡೇ ನೋಡತಾಳ, ಅಕ್ಕ ನೋಡೇ ನೋಡತಾಳ ಅಂತ ಅದನ್ನ ಅಂದಕೋತ ನನ್ನ ಹಿಡಕೊಂಡಿದ್ದ. ಆ ಅಕ್ಕ ಎಲ್ಲಿ ಅದಾಳವ್ವಾ? ತೋರಸು, ಆಕಿ ಕಾಲಿಗೆ ಬೀಳತೇನಿ."

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗುತ್ತಿದ್ದೆ.

ಆಸ್ಪತ್ರೆಗೆ ಹೋಗುವ ಗಾಡಿ ಬರುವವರೆಗೆ ದಾಮು ಧಕ್ಕೆಯಲ್ಲೇ ಇದ್ದ. ನಡುಗುತ್ತ ಕಂಬದ ಹತ್ತಿರ ಹೋದ. ಕಟ್ಟಿದವನೇ ಬಿಚ್ಚಬೇಕಲ್ಲ. ಕಂಬ ಖಾಲಿ. ಅವನು ನನ್ನ ಕಡೆ ತಿರುಗಿದ.

"ಅಕ್ಕಾ, ನನ್ನ ಟವೆಲ್?"

ನಾನು ಮುಂದೆ ಹಿಡಿದೆ, ಬೀಗದ ಕೈ ಸಮೇತ. ಅಜ್ಜಿಯ ಎದುರೇ ಎಲ್ಲ ಹೇಳಿದೆ. ಅಜ್ಜಿ ಚಾ ಗ್ಲಾಸು ಕೆಳಗಿಟ್ಟಳು. ದಾಮು ಟವೆಲ್ ತೆಗೆದುಕೊಳ್ಳಲಿಕ್ಕೆ ಎಡಗೈ ಚಾಚಿದ. ಬಲಗೈಯಲ್ಲಿ ಹಗ್ಗ ಮೂಳೆಯವರೆಗೆ ಕೊರೆದಿತ್ತು. ಕೊನೆಯ ಅರ್ಧ ಗಂಟೆಯ ತೆರೆಗೆ ಹಾಗಾಯಿತು ಅಂತ ಆಮೇಲೆ ಗೊತ್ತಾಯಿತು. ಎರಡು ಬೆರಳು ಇನ್ನು ಮಡಚುವುದಿಲ್ಲ ಅಂತ ಡಾಕ್ಟರು ಹೇಳಿದರು.

ಮಾರನೇ ದಿನ ನಾನು ಜಟ್ಟಣ್ಣನ ಮನೆಗೆ ಹೋದೆ. "ನನ್ನನ್ನು ಬೈಯಿ ಜಟ್ಟಣ್ಣಾ. ಒಂದು ಮಾತಾದರೂ ಬೈಯಿ," ಅಂದೆ.

ಅವನು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. "ಎಂತಕ್ಕೆ ಬೈಯುದು? ನನ್ನ ಕಾಲು ನೋಡಿ ಮಾಡಿದ್ದಿ. ಗೊತ್ತುಂಟು ನಂಗೆ." ಆಮೇಲೆ ಎಣ್ಣೆ ಬಟ್ಟಲು ಬದಿಗಿಟ್ಟು ಹೇಳಿದ. "ತಂಗೀ, ನಾನು ಸುಮ್ಮನೆ ಹೋಗಿ ಬಂದ ಆ ಮೂರು ದಿನ ಉಂಟಲ್ಲ, ಅದು ದಂಡ ಅಂತ ನೀನು ತಿಳಕೊಂಡಿದ್ದಿ. ನಂಗೆ ಅದೇ ಒಳ್ಳೆ ದಿನ. ಹೋದೆ, ಯಾರಿಗೂ ಎಂತ ಆಗಿರಲಿಲ್ಲ, ಬಂದೆ. ಇನ್ನು ಅಂಥ ದಿನವೇ ಬರಲಿ ನಂಗೆ, ಕಾಲು ಹೋದರೂ ಅಡ್ಡಿಲ್ಲ."

ದಾಮುವಿಗೆ ಹೆಣ್ಣು ಮಗು ಹುಟ್ಟಿತು. ಮೂರು ತಿಂಗಳ ಮೇಲೆ ಮತ್ತೆ ದೋಣಿ ಹಿಡಿದ. ಈಗಲೂ ದಿನಾ ಬೆಳಿಗ್ಗೆ ನನ್ನ ಕಣ್ಣೆದುರೇ ಟವೆಲ್ ಕಟ್ಟುತ್ತಾನೆ. ಎಡಗೈಯಲ್ಲಿ ಸುತ್ತಿ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಕಟ್ಟಿ ಮುಗಿಸಿ ನನ್ನ ಕಡೆ ತಿರುಗಿ, "ನೋಡ್ಕೋ ಅಕ್ಕಾ," ಅನ್ನುತ್ತಾನೆ. ಅವನ ಮನಸ್ಸಿನಲ್ಲಿ ಏನೂ ಇಲ್ಲ. ಆದರೂ ನನಗೆ ಎದೆಯಲ್ಲಿ ಚುಚ್ಚಿದ ಹಾಗಾಗುತ್ತದೆ.

ಮೊನ್ನೆ ಗುರುವಾರ ಇನ್ನೊಬ್ಬನ ಟವೆಲ್ ಕಂಬದಲ್ಲಿ ಉಳಿಯಿತು. ಅವನು ಸೇತುವೆ ಹತ್ತಿರ ಹರಟೆ ಹೊಡೆಯುತ್ತಿರಬಹುದು ಅಂತ ನನಗೆ ನೂರಕ್ಕೆ ತೊಂಬತ್ತು ಗೊತ್ತಿತ್ತು. ಆದರೂ ಕೂಗಿದೆ. ಜಟ್ಟಣ್ಣ ಕಾಲು ಎಳೆಯುತ್ತ ಬಂದ, ಹೋದ, ಒಂದು ಗಂಟೆ ಬಿಟ್ಟು ವಾಪಸ್ ಬಂದ. ಆಸಾಮಿ ಹರಟೆಯನ್ನೇ ಹೊಡೆಯುತ್ತಿದ್ದನಂತೆ, ದೋಣಿಯಲ್ಲಿ ಕೂರಿಸಿಕೊಂಡು ಬಂದು ಅವನ ಕೈಯಿಂದಲೇ ಟವೆಲ್ ಬಿಚ್ಚಿಸಿದ. ಅವನಿಗೆ ನಾನು ಮಾರನೇ ದಿನ ಕೊಡುವಷ್ಟು ಕೊಟ್ಟೆ, ಅದು ಬೇರೆ ಮಾತು. ಆ ಸಂಜೆ ನಾವಿಬ್ಬರೂ ಬೆಂಚಿನ ಮೇಲೆ ಕೂತು ಚಾ ಕುಡಿದೆವು. ಇಬ್ಬರಿಗೂ ಸುಸ್ತಾಗಿತ್ತು. ಕಂಬದಲ್ಲಿ ಏನೂ ಇರಲಿಲ್ಲ.

ನೀತಿ: ನೀರಿಗೆ ಇಳಿಯುವವನು ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ದಡದಲ್ಲಿ ಒಬ್ಬರಿಗೆ ಗುರುತು ಬಿಟ್ಟು ಹೋಗಬೇಕು, ಬಂದಮೇಲೆ ಬಂದೆ ಅಂತಲೂ ತಿಳಿಸಬೇಕು. ದಡದಲ್ಲಿ ಕಾಯುವವರು ಎಷ್ಟೇ ಬೇಜಾರು ಬಂದರೂ ಆ ಗುರುತನ್ನು ಮುಟ್ಟಬಾರದು. ಹತ್ತು ಸಲ ಸುಮ್ಮನೆ ಹುಡುಕಿ ಬಂದರೆ ಹತ್ತು ಸಲವೂ ಎಲ್ಲರೂ ಬದುಕಿದ್ದರು ಅಂತ ಅರ್ಥ.