ಮುಂದಿನವನ ಬಾಲ ಹಿಡಿದ ರೇಸುಗಾರ

"ಬುದ್ಧಿ, ಮುಂದೆ ಇರುವವನನ್ನು ಹಿಂದಕ್ಕೆ ಹಾಕುವುದು ಹೇಗೆ?"

ಕೇಳಿದವನು ಗುರುಶಾಂತ. ಮಠದಲ್ಲಿ ಸ್ವಾಮಿಯಾಗಲು ಕಲಿಯುತ್ತಿದ್ದ ಮರಿಗಳಲ್ಲಿ ಎರಡನೆಯವನು. ಮೊದಲನೆಯವನು ಮಹಾಂತ. ಓದಿನಲ್ಲಿ, ಪ್ರವಚನದಲ್ಲಿ, ದಾಸೋಹದ ಉಸ್ತುವಾರಿಯಲ್ಲಿ, ಎಲ್ಲದರಲ್ಲೂ ಮಹಾಂತನೇ ಒಂದು ಹೆಜ್ಜೆ ಮುಂದೆ. ಗುರುಶಾಂತನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಪ್ರವಚನದ ನಡುವೆ ಮಹಾಂತ ಎಲ್ಲಿ ಮಾತು ನಿಲ್ಲಿಸುತ್ತಾನೋ ಅಲ್ಲೇ ಇವನೂ ನಿಲ್ಲಿಸುತ್ತಿದ್ದ. ಅವನು ಕೆಮ್ಮಿದ ಕಡೆ ಇವನೂ ಕೆಮ್ಮುತ್ತಿದ್ದ. ಇಷ್ಟಾದರೂ ಜನ ಇವನ ಪ್ರವಚನ ಮುಗಿದ ಮೇಲೆ ಕೈ ಮುಗಿದು, "ಮಹಾಂತ ಮರಿ ಇನ್ನು ಯಾವತ್ತು ಮಾತಾಡುತ್ತಾರೆ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಸ್ವಾಮಿಗಳು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಅವರಿಗಿದ್ದದ್ದು ಒಂದೇ ಚಟ, ಭಾನುವಾರ ಟೀವಿಯಲ್ಲಿ ಕಾರು ರೇಸು ನೋಡುವುದು. ಟ್ರಸ್ಟಿನವರು ಎಷ್ಟು ಗೊಣಗಿದರೂ ಬಿಟ್ಟಿರಲಿಲ್ಲ. "ಕಾವಿ ಬಟ್ಟೆಗೂ ಕಾರು ರೇಸಿಗೂ ಏನು ಸಂಬಂಧ ಬುದ್ಧಿ?" ಎಂದವರಿಗೆ, "ಅಷ್ಟು ಜೋರಾಗಿ ಓಡಿ ಓಡಿ ಹೊರಟಲ್ಲಿಗೇ ಬರುತ್ತಾರಲ್ಲ, ಸಂಸಾರ ಅಂದರೇನು ಅಂತ ತಿಳಿಯುತ್ತದೆ" ಎಂದು ಬಾಯಿ ಮುಚ್ಚಿಸಿದ್ದರು.

"ಕೂತುಕೋ. ಒಬ್ಬ ರೇಸುಗಾರನ ಕತೆ ಹೇಳುತ್ತೇನೆ" ಎಂದರು.

ಗುರುಶಾಂತ ಕುಳಿತ. ಹಿಂದಕ್ಕೆ ಹಾಕುವ ವಿದ್ಯೆಯನ್ನು ರೇಸುಗಾರನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವನಿಗೆ ಒಳಗೊಳಗೇ ಖುಷಿಯಾಯಿತು. ಸ್ವಾಮಿಗಳು ಕತೆ ಶುರು ಮಾಡಿದರು.

ಒಬ್ಬ ರೇಸುಗಾರನಿದ್ದ. ಹೆಸರು ಬೇಡ, ಹೇಳಿದರೆ ನಾಳೆ ನೀನು ಪೇಪರಿನಲ್ಲಿ ಹುಡುಕುತ್ತೀಯ. ಅವನಿಗಿಂತ ಮುಂದೆ ಇನ್ನೊಬ್ಬನಿದ್ದ. ಇವನು ಹಿಂದಿನವನು, ಅವನು ಮುಂದಿನವನು. ಅಷ್ಟು ಸಾಕು.

ಆ ಲೋಕದಲ್ಲೂ ಶಾಲೆಯ ಹಾಗೆ ತರಗತಿಗಳಿವೆ. ಮೊದಲು ಗೋಕಾರ್ಟ್, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಬಂಡಿ. ಅದರಲ್ಲಿ ಹೆಸರು ಮಾಡಿದರೆ ಒಬ್ಬನೇ ಕೂರುವ ಉದ್ದ ಮೂತಿಯ ಕಾರು. ಅದರಲ್ಲೂ ಪಾಸಾದರೆ ಅದಕ್ಕಿಂತ ಜೋರಿನದು. ಹೀಗೆ ಒಂದೊಂದೇ ಮೆಟ್ಟಿಲು. ಈ ಕೆಳಗಿನ ತರಗತಿಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಗಾಡಿ, ಒಂದೇ ಇಂಜಿನ್, ಒಂದೇ ಟೈರು. ಸೋತವನು ಗಾಡಿಯನ್ನು ಬೈಯುವ ಹಾಗಿಲ್ಲ. ಬೈಯುತ್ತಾರೆ, ಆ ಮಾತು ಬೇರೆ.

ಹಿಂದಿನವನು ಗೋಕಾರ್ಟಿನ ಕಾಲದಲ್ಲೇ ಒಂದು ಗುಟ್ಟು ಕಂಡುಕೊಂಡಿದ್ದ. ಮುಂದೆ ಹೋಗುವ ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದರ ಬೆನ್ನಿಗೆ ಅಂಟಿಕೊಂಡವನಿಗೆ ಗಾಳಿಯ ಕಾಟವಿಲ್ಲ, ಹಗ್ಗ ಕಟ್ಟಿ ಎಳೆದ ಹಾಗೆ ಆರಾಮಾಗಿ ಹೋಗಬಹುದು. ಇದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಇವನು ಅದನ್ನೇ ವ್ರತ ಮಾಡಿಕೊಂಡ. ಮುಂದಿನವನ ಗಾಡಿಯ ಹಿಂಭಾಗ ತುಸು ಮೇಲೆದ್ದರೆ ಅವನು ಬ್ರೇಕ್ ತುಳಿದನೆಂದು ಅರ್ಥ, ಇವನೂ ತುಳಿದ. ಅವನು ಎಡಕ್ಕೆ ಹೊರಳಿದರೆ ಇವನೂ ಎಡಕ್ಕೆ. ಬ್ರೇಕ್ ಎಲ್ಲಿ ತುಳಿಯಬೇಕು, ಎಲ್ಲಿ ಹೊರಳಬೇಕು ಎನ್ನುವುದಕ್ಕೆ ಉಳಿದವರು ರಸ್ತೆಯ ಪಕ್ಕದ ಬೋರ್ಡು, ಕಂಬ, ಗೋಡೆಯ ಬಣ್ಣ ಗುರುತಿಟ್ಟುಕೊಳ್ಳುತ್ತಿದ್ದರು. ಇವನ ಗುರುತು ಒಂದೇ, ಮುಂದಿನವನ ಬಾಲ.

ಪಂದ್ಯಕ್ಕೆ ಮುಂಚೆ ರೇಸುಗಾರರು ಇಡೀ ದಾರಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರುವ ಪದ್ಧತಿಯಿದೆ. ಎಲ್ಲಿ ಉಬ್ಬಿದೆ, ಎಲ್ಲಿ ನುಣುಪಾಗಿದೆ ಎಂದು ಬಗ್ಗಿ, ಮುಟ್ಟಿ ನೋಡುತ್ತಾರೆ. ಹಿಂದಿನವನೂ ತಪ್ಪದೆ ನಡೆಯುತ್ತಿದ್ದ. ಮುಂದಿನವನ ಹಿಂದೆ, ಅವನ ಬೂಟು ನೋಡಿಕೊಂಡು.

ಪಂದ್ಯಕ್ಕೆ ಮೊದಲು ಮುಂದಿನವನು ಬಾಳೆಹಣ್ಣು ತಿನ್ನುತ್ತಿದ್ದ. ಇವನೂ ತಿನ್ನತೊಡಗಿದ. ತಾಯಿ ಗಾಬರಿಯಾದಳು.

"ಬಾಳೆಹಣ್ಣಿನ ವಾಸನೆ ಬಂದರೇ ವಾಂತಿ ಮಾಡಿಕೊಳ್ಳುತ್ತಿದ್ದೆಯಲ್ಲೋ!"

"ಈಗಲೂ ಹಾಗೇ ಆಗುತ್ತದಮ್ಮ. ಆದರೆ ಅವನು ತಿನ್ನುತ್ತಾನೆ."

ನಗಬೇಡ ಗುರುಶಾಂತ. ಇದರಿಂದ ಅವನಿಗೆ ನಷ್ಟವೇನೂ ಆಗಲಿಲ್ಲ, ನೋಡು. ಮುಂದಿನವನು ಪ್ರತಿ ತರಗತಿಯಲ್ಲೂ ಮೊದಲನೆಯವನಾದ, ಇವನು ಎರಡನೆಯವನಾದ. ಮೊದಲನೆಯವನನ್ನು ಮೇಲಕ್ಕೆ ಹತ್ತಿಸಿದವರು ಎರಡನೆಯವನನ್ನೂ ಕರೆದುಕೊಂಡರು. ಗೋಕಾರ್ಟಿನಿಂದ ಸಣ್ಣ ಕಾರಿಗೆ, ಸಣ್ಣ ಕಾರಿನಿಂದ ದೊಡ್ಡದಕ್ಕೆ, ಇವನ ಏಳಿಗೆ ಸಾಗಿತು. ಮನೆಯ ಶೋಕೇಸಿನ ತುಂಬ ಎರಡನೇ ಬಹುಮಾನದ ಕಪ್ಪುಗಳು. ಬಂದ ನೆಂಟರೆಲ್ಲ ಹೊಗಳುತ್ತಿದ್ದರು. ಇವನಿಗೆ ಮಾತ್ರ ಹೊಟ್ಟೆಯೊಳಗೆ ಉರಿ. ಒಂದೇ ಒಂದು ಸಲ ಆ ಬಾಲ ನನ್ನ ಕಣ್ಣೆದುರಿನಿಂದ ತೊಲಗಲಿ ದೇವರೇ, ಎಂದು ಹರಕೆ ಹೊರುತ್ತಿದ್ದ.

ಕೊನೆಗೆ ಒಂದು ವರ್ಷ ಮೇಲಿನ ತರಗತಿಯಲ್ಲಿ ಒಂದೇ ಒಂದು ಗಾಡಿಯಲ್ಲಿ ಓಡಿಸುವವನ ಜಾಗ ಖಾಲಿಯಾಯಿತು. ಅದರ ಯಜಮಾನ ಕಡ್ಡಿ ಮುರಿದಂತೆ ಹೇಳಿಬಿಟ್ಟ, "ಈ ಸಲದ ಕೊನೆಯ ಪಂದ್ಯ ಗೆದ್ದವನಿಗೆ ಗಾಡಿ. ಎರಡನೆಯವನಿಗೆ ಚಪ್ಪಾಳೆ." ಇತ್ತ ಮನೆಯಲ್ಲಿ ತಂದೆಯೂ ಖಡಾಖಂಡಿತವಾಗಿ ಹೇಳಿದ್ದ, "ಇದೇ ಕೊನೆ ಕಣಪ್ಪ. ಆಯಿತೋ ಸಂತೋಷ. ಇಲ್ಲವೋ, ಸುಮ್ಮನೆ ಬಂದು ನಮ್ಮ ಟೈಲ್ಸ್ ಅಂಗಡಿಯಲ್ಲಿ ಕೂತುಕೋ."

ಪಂದ್ಯ ಶುರುವಾಯಿತು. ಎಂದಿನಂತೆ ಮುಂದಿನವನು ಮುಂದೆ, ಹಿಂದಿನವನು ಅವನ ಬೆನ್ನಿಗೆ. ಉಳಿದವರೆಲ್ಲ ಎಲ್ಲೋ ದೂರದಲ್ಲಿ. ಹಿಂದಿನವನು ಈ ಸಲ ಉಪಾಯ ಹೂಡಿದ್ದ. ಕೊನೆಯ ತಿರುವಿನವರೆಗೂ ಅಂಟಿಕೊಂಡಿದ್ದು, ಅಲ್ಲಿ ಪಕ್ಕಕ್ಕೆ ಸರಿದು ದಾಟಿಬಿಡುವುದು. ಉಪಾಯ ಚೆನ್ನಾಗಿಯೇ ಇತ್ತು.

ಪಂದ್ಯ ಮುಗಿಯಲು ಇನ್ನೊಂದೇ ಸುತ್ತು ಬಾಕಿ ಇರುವಾಗ ಮುಂದಿನವನ ಗಾಡಿ ಕೆಟ್ಟಿತು. ಮೊದಲು ಒಂದು ಸದ್ದು, ಆಮೇಲೆ ಬಿಳೀ ಹೊಗೆ. ಅವನು ಕೈ ಮೇಲೆತ್ತಿ, ರಸ್ತೆಯ ಅಂಚಿಗೆ ಸರಿದು, ಪಕ್ಕದ ಪಿಟ್ ಓಣಿಯ ಕಡೆ ಹೊರಳಿದ. ಪಿಟ್ ಎಂದರೆ ಗಾಡಿ ರಿಪೇರಿ ಮಾಡುವ ಜಾಗ, ಕೆಟ್ಟ ಗಾಡಿ ಹೋಗುವ ದಾರಿ.

ಈಗ ಹಿಂದಿನವನ ಎದುರು ಯಾರೂ ಇಲ್ಲ. ಮದುವೆಗೆ ಗುಡಿಸಿಟ್ಟ ಅಂಗಳದ ಹಾಗೆ ರಸ್ತೆ ಖಾಲಿ. ಹೊತ್ತ ಹರಕೆ ಫಲಿಸಿತ್ತು. ಜನ ಎದ್ದು ನಿಂತು ಕೂಗುತ್ತಿದ್ದಾರೆ. ಕಿವಿಯೊಳಗಿನ ರೇಡಿಯೋದಲ್ಲಿ ಅವನ ತಂಡದವರು "ಹೋಗೋ! ನೇರ ಹೋಗೋ!" ಎಂದು ಅರಚುತ್ತಿದ್ದಾರೆ.

ಇಲ್ಲಿ ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಶಾಂತ ಕುಳಿತಲ್ಲೇ ಮುಂದಕ್ಕೆ ಬಾಗಿದ್ದ. ಅವನ ಎರಡೂ ಕೈಗಳು ಗಾಳಿಯಲ್ಲಿ ಸ್ಟೀರಿಂಗ್ ಹಿಡಿದಿದ್ದವು.

"ಗೆದ್ದನಾ ಬುದ್ಧಿ?"

"ಪಿಟ್ ಓಣಿಗೆ ಹೊರಳಿದ" ಎಂದು ಸ್ವಾಮಿಗಳು ಕತೆ ಮುಂದುವರಿಸಿದರು.

ಹೌದು ಮಾರಾಯ, ಹೊರಳಿದ. ಯೋಚನೆ ಮಾಡಿ ಹೊರಳಿದ್ದಲ್ಲ. ಕಣ್ಣು ಬಾಲವನ್ನು ಹುಡುಕಿತು, ಬಾಲ ಓಣಿಯಲ್ಲಿತ್ತು, ಕೈ ತಾನೇ ತಿರುಗಿತು. ಮುಂದಿನವನು ತನ್ನ ತಂಡದ ಶೆಡ್ಡಿನ ಮುಂದೆ ನಿಲ್ಲಿಸಿದ. ಇವನೂ ಅವನ ಹಿಂದೆ ಅಚ್ಚುಕಟ್ಟಾಗಿ ನಿಲ್ಲಿಸಿದ. ಅವನು ಇಂಜಿನ್ ಆಫ್ ಮಾಡಿದ. ಇವನೂ ಮಾಡಿದ.

ಮುಂದಿನವನು ಹೆಲ್ಮೆಟ್ ತೆಗೆದು, ಹಿಂದೆ ನಿಂತ ಗಾಡಿಯನ್ನು ನೋಡಿ ಕಕ್ಕಾಬಿಕ್ಕಿಯಾದ.

"ನನ್ನ ಗಾಡಿ ಕೆಟ್ಟಿದೆ, ಬಂದೆ. ನಿನ್ನದಕ್ಕೇನಾಯಿತು?"

"ಏನೂ ಆಗಿಲ್ಲ, ಚೆನ್ನಾಗಿದೆ."

"ಹಾಗಾದರೆ ಹೋಗೋ ಪುಣ್ಯಾತ್ಮ!"

ಹೋಗುವುದೆಲ್ಲಿಂದ ಬಂತು? ಆ ಗಾಡಿಗಳು ಗುಂಡಿ ಒತ್ತಿದರೆ ಚಾಲೂ ಆಗುವುದಿಲ್ಲ, ಹೊರಗಿನಿಂದ ಒಂದು ಯಂತ್ರ ತಂದು ಹಚ್ಚಬೇಕು. ಇವನ ತಂಡದವರು ಓಣಿಯ ಆ ತುದಿಯಿಂದ ಯಂತ್ರ ಹೊತ್ತುಕೊಂಡು, ಇವನ ವಂಶವನ್ನೆಲ್ಲ ಬೈಯುತ್ತ ಓಡಿ ಬಂದರು. ಗಾಡಿ ಚಾಲೂ ಆಯಿತು. ಆದರೆ ಓಣಿಯಲ್ಲಿ ಜೋರಾಗಿ ಓಡಿಸುವಂತಿಲ್ಲ, ಕಟ್ಟುನಿಟ್ಟಾದ ನಿಯಮ. ಇವನು ಮದುವೆ ದಿಬ್ಬಣದ ಕಾರಿನಂತೆ ನಿಧಾನವಾಗಿ ಸಾಗುತ್ತಿದ್ದರೆ, ಗೋಡೆಯಾಚೆ ಹಿಂದೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ಭರ್ರೆಂದು ಹೋದರು. ಅಲ್ಲಿಯವರೆಗೆ ಮೂರನೆಯವನಾಗಿದ್ದವನು ಗೆದ್ದ. ಪಾಪ, ಅವನಿಗೆ ತಾನು ಗೆದ್ದದ್ದೂ ಗೊತ್ತಿರಲಿಲ್ಲ. ಮೂರನೇ ಬಹುಮಾನದ ಮೆಟ್ಟಿಲ ಮೇಲೆ ಹೋಗಿ ನಿಂತವನನ್ನು ಕೈಹಿಡಿದು ಮೇಲಕ್ಕೆ ಹತ್ತಿಸಬೇಕಾಯಿತು. ಮೇಲಿನ ತರಗತಿಯ ಗಾಡಿ ಅವನ ಪಾಲಾಯಿತು.

ಹಿಂದಿನವನು ಆ ದಿನ ಗಾಡಿಯಿಂದ ಇಳಿಯಲೇ ಇಲ್ಲ. ಹೆಲ್ಮೆಟ್ ಹಾಕಿಕೊಂಡೇ ಒಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅದಕ್ಕೆ ನಾನು ನಗುವುದಿಲ್ಲ. ಎಳೆತನದಿಂದ ಕಂಡ ಕನಸು ಕೈಯಿಂದ ಜಾರಿದರೆ ಯಾರಾದರೂ ಅಳುತ್ತಾರೆ. ಈಗ ಟೈಲ್ಸ್ ಅಂಗಡಿಯಲ್ಲಿದ್ದಾನೆ. ವ್ಯಾಪಾರ ಚೆನ್ನಾಗಿದೆಯಂತೆ, ಎದುರುಗಡೆಯ ಅಂಗಡಿಯವನು ಬಾಗಿಲು ತೆಗೆದ ಕೂಡಲೇ ಇವನೂ ತೆಗೆಯುತ್ತಾನಂತೆ.

ಕತೆ ಮುಗಿಯಿತು. ಗುರುಶಾಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಇಂಥ ಪೆದ್ದನೂ ಲೋಕದಲ್ಲಿರುತ್ತಾನೆಯೇ ಎಂದು ಕಣ್ಣು ಒರೆಸಿಕೊಂಡ. ನಗು ಇಳಿದ ಮೇಲೆ, ತಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲವೆಂಬುದು ನೆನಪಾಯಿತು.

"ಕತೆ ಬಹಳ ಚೆನ್ನಾಗಿತ್ತು ಬುದ್ಧಿ. ಆದರೆ ನಾನು ಕೇಳಿದ್ದು ಮಹಾಂತಣ್ಣನನ್ನು ಹಿಂದಕ್ಕೆ ಹಾಕುವುದು ಹೇಗೆ ಅಂತ."

"ಹೇಳುತ್ತೇನೆ. ಮೊದಲು ನೀನೊಂದು ಹೇಳು" ಎಂದರು ಸ್ವಾಮಿಗಳು. "ಮಹಾಂತ ಇವತ್ತೇ ಮಠ ಬಿಟ್ಟು ಹೋದರೆ, ನಾಳೆ ಬೆಳಿಗ್ಗೆ ನೀನು ಯಾತಕ್ಕೆ ಏಳುತ್ತೀಯ?"