ಮೋನಪ್ಪಾಚಾರ್ ಕಾಲಿಗೆ ಕಟ್ಟಿದ ಗ್ರಿಲ್ಲು

ಹಿರಿಯೂರಲ್ಲಿ ಮೋನಪ್ಪಾಚಾರ್ ಅಂತ ಒಬ್ರು ಇದ್ರು. ಗೇಟು, ಕಿಟಕಿ ಗ್ರಿಲ್ಲು ಮಾಡೋ ವೆಲ್ಡಿಂಗ್ ಅಂಗಡಿ ಅವರದ್ದು. ಅವರ ನಂಬಿಕೆ ಒಂದೇ: ಕಬ್ಬಿಣ ದಪ್ಪ ಇದ್ರೆ ಭಯ ಇಲ್ಲ. ಬೇರೆಯವರು ಹತ್ತು ಎಂಎಂ ಸರಳು ಹಾಕೋ ಕಡೆ ಇವರು ಹದಿನಾರು ಹಾಕೋರು. ಅವರ ಗೇಟು ತೆಗೆಯೋಕೆ ಇಬ್ಬರು ಬೇಕು. ಒಬ್ಬರೇ ಇರೋ ಮನೆಯವರು ಕಾಂಪೌಂಡ್ ಹಾರಿ ಓಡಾಡ್ತಿದ್ರು.

ಒಂದಿನ ಅಂಥದ್ದೇ ಗೇಟು ಅವರ ಬಲಗಾಲ ಮೇಲೆ ಬಿತ್ತು. ಗೇಟಿಗೆ ಒಂದು ಗೀರೂ ಆಗಲಿಲ್ಲ. ಮೊಣಕಾಲ ಕೆಳಗಿನ ಮೂಳೆ ಎರಡು ತುಂಡಾಯ್ತು.

ಮೂಳೆ ಡಾಕ್ಟ್ರು ನಫೀಸಾ ಮೇಡಂ ಆಪರೇಷನ್ ಮಾಡಿ, ಟೈಟಾನಿಯಂ ಪ್ಲೇಟ್ ಇಟ್ಟು, ಎಂಟು ಸ್ಕ್ರೂ ಹಾಕಿದ್ರು. ಎಚ್ಚರ ಆದ ತಕ್ಷಣ ಆಚಾರ್ರು ಕೇಳಿದ್ದು ನೀರಲ್ಲ.

"ಪ್ಲೇಟು ಎಷ್ಟು ದಪ್ಪ ಮೇಡಂ?"

"ಐದು ಎಂಎಂ ಒಳಗೇ ಇದೆ."

"ಅಷ್ಟೇನಾ? ನಾನು ಕೋಳಿ ಗೂಡಿಗೇ ಆರು ಹಾಕ್ತೀನಿ!"

"ಅದು ಉಕ್ಕಿನಷ್ಟು ಬಿಗಿ ಇಲ್ಲ, ಕೂದಲೆಳೆಯಷ್ಟು ಬಾಗುತ್ತೆ. ಮೂಳೆಗೂ ಸ್ವಲ್ಪ ಭಾರ ಸಿಗಲಿ, ಬಾಗಲಿ ಅಂತಾನೇ ಹಾಕಿರೋದು."

ಡಾಕ್ಟ್ರು ಸಮಾಧಾನಕ್ಕೆ ಹೇಳಿದ್ರು. ಆಚಾರ್ರ ಕಿವಿಗೆ ಬಿದ್ದಿದ್ದು 'ಬಾಗುತ್ತೆ' ಅನ್ನೋದೊಂದೇ.

ಅಲ್ಲಿಂದ ಶುರುವಾಯ್ತು ಪರದಾಟ. ಸೀನಿದ್ರೆ ಕಾಲು ಹಿಡ್ಕೊಳ್ಳೋರು. ಹೊರಗೆ ಲಾರಿ ಹೋದ್ರೆ ಸ್ಕ್ರೂ ಸಡಿಲ ಆಯ್ತೇನೋ ಅಂತ ಸವರಿ ನೋಡೋರು. "ಕಿರ್ ಅಂತು ಕಣೇ, ಕೇಳಿಸ್ತಾ?" ಅಂದ್ರೆ ಹೆಂಡತಿ ಕಮಲಾಕ್ಷಮ್ಮ, "ಅದು ಬಾಗಿಲು ರೀ. ನಿಮ್ಮ ಕೈಯಲ್ಲಿ ಮಾಡಿಸದೇ ಇರೋದು ಈ ಮನೇಲಿ ಅದೊಂದೇ" ಅನ್ನೋರು.

ಆರು ವಾರ ಆದ ಮೇಲೆ ಡಾಕ್ಟ್ರು ಅಂದ್ರು, "ಮನೇಲಿ ದಿನಾ ಸ್ವಲ್ಪ ಸ್ವಲ್ಪ ಕಾಲೂರಿ. ತಿಂಗಳಿಗೊಂದು ಸಲ ಬಂದು ತೋರಿಸಿ."

ಆಚಾರ್ರು ಕಾಲೂರಲಿಲ್ಲ. ಆಸ್ಪತ್ರೆ ಕಡೆ ತಲೆನೂ ಹಾಕಲಿಲ್ಲ. ಅಂಗಡೀಲಿ ಕೂತ್ಕೊಂಡೇ ಕಾಲಿಗೊಂದು ಚೌಕಟ್ಟು ಬೆಸೆದ್ರು. ತೊಡೆ ಬುಡಕ್ಕೆ ಬಳೆ, ಎರಡೂ ಬದಿಗೆ ಸರಳು, ಕೆಳಗೆ ಕಬ್ಬಿಣದ ಪಾದ. ಅದನ್ನ ಹಾಕ್ಕೊಂಡ್ರೆ ಮೈಭಾರ ಎಲ್ಲ ಕಬ್ಬಿಣದ ಮೇಲೆ. ನಿಜವಾದ ಪಾದ ನೆಲದಿಂದ ಎರಡು ಬೆರಳು ಮೇಲೆ, ಬಸ್ಸಲ್ಲಿ ಸೀಟು ಸಿಕ್ಕಿದವರ ಹಾಗೆ ಆರಾಮಾಗಿ ತೇಲ್ತಿತ್ತು. ಚೌಕಟ್ಟಿನ ತೂಕ ಆರೂವರೆ ಕೆಜಿ. ನೋಡೋಕೆ ಬಂದವರೊಬ್ಬರು ಇದೇ ಡಿಸೈನಲ್ಲಿ ಕಿಟಕಿ ಬೇಕು ಅಂದ್ರು.

ಮೂರು ತಿಂಗಳು ಹೀಗೇ ಟಕ್ ಟಕ್ ಅಂತ ಓಡಾಡಿದ್ರು. ಒಂದಿನ ಸ್ನಾನ ಮಾಡಿಸೋವಾಗ ಕಮಲಾಕ್ಷಮ್ಮ ಎರಡೂ ಕಾಲು ಜೋಡಿಸಿ ನೋಡಿದ್ರು. ಬಲಗಾಲ ಮೀನಖಂಡ ಒಣಗಿದ ನುಗ್ಗೇಕಾಯಿ ಹಾಗಾಗಿತ್ತು. ಅವತ್ತೇ ಆಟೋ ಹತ್ತಿಸಿದ್ರು.

ಎಕ್ಸ್‌ರೇ ನೋಡಿ ಡಾಕ್ಟ್ರ ಮುಖ ಇಳೀತು. ಬಿರುಕು ಹಾಗೇ ಇತ್ತು. ಪ್ಲೇಟು ಬೆಳ್ಳಗೆ ಹೊಳೀತಿತ್ತು, ಅದರ ಕೆಳಗಿನ ಮೂಳೆ ಅಳಿಸಿಹೋದ ರಂಗೋಲಿ ತರ ಮಂಕಾಗಿತ್ತು.

"ಇದನ್ನ ಯಾರು ಮಾಡಿದ್ದು?" ಅಂತ ಚೌಕಟ್ಟು ತೋರಿಸಿ ಕೇಳಿದ್ರು.

"ನಾನೇ ಮೇಡಂ. ನೂರು ವರ್ಷ ಬರುತ್ತೆ."

"ಇದು ಬರುತ್ತೆ. ಕಾಲು ಬರಲ್ಲ. ಸರಳಿಗೆ ಕೆಲಸ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ಆಚಾರ್ರೇ. ಮೂಳೆ ಹಾಗಲ್ಲ. ಭಾರ ಬಿದ್ರೆ ಗಟ್ಟಿಯಾಗುತ್ತೆ. ಬೀಳದಿದ್ರೆ, ನಾನು ಯಾರಿಗೂ ಬೇಡ ಅಂತ ಕರಗುತ್ತೆ. ಇನ್ನು ಆ ಪ್ಲೇಟು. ತಂತೀನ ಹಿಂದೆ ಮುಂದೆ ಬಾಗಿಸ್ತಾ ಇದ್ರೆ ಏನಾಗುತ್ತೆ?"

"ಕಟ್ ಆಗುತ್ತೆ." ಇದು ಆಚಾರ್ರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಿದ್ದಕ್ಕೇ ಬೆವರಿದ್ರು.

"ಮೂಳೆ ಕೂಡ್ಕೊಳ್ಳೋವರೆಗೆ ಮಾತ್ರ ಅದು ತಡೆಯೋದು. ಎಂಟು ವಾರ ಕೊಡ್ತೀನಿ. ಅಷ್ಟರಲ್ಲಿ ಕೂಡದಿದ್ರೆ ಸೊಂಟದ ಮೂಳೆ ಕೆತ್ತಿ ಇಲ್ಲಿಗೆ ತುಂಬಬೇಕು. ಆಮೇಲೂ ನೀವು ನಿಂತು ಕೆಲಸ ಮಾಡ್ತೀರ ಅಂತ ನಾನು ಹೇಳಲಾರೆ."

ಆಚಾರ್ರು ಚೌಕಟ್ಟು ಬಿಚ್ಚಿದ್ರು. ಮೈ ಮೇಲಿನ ಬಟ್ಟೆ ಬಿಚ್ಚಿಕೊಟ್ಟಷ್ಟು ಸಂಕಟ ಆಯ್ತು. ಡಾಕ್ಟ್ರು ಒಂದು ಮರದ ಕೋಲು ಕೊಟ್ಟು, "ಊರ್ಕೊಳ್ಳೋಕೆ ಇದೊಂದೇ. ತೂಕದ ಯಂತ್ರದ ಮೇಲೆ ಕಾಲಿಡಿ. ಮೊದಲ ವಾರ ಹತ್ತು ಕೆಜಿ. ವಾರ ವಾರ ಏರಿಸ್ಕೊಂಡು ಹೋಗಿ. ಕೊನೇ ವಾರ ಪೂರ್ತಿ ಭಾರ" ಅಂದ್ರು.

ಯಂತ್ರ ಅಂಗಡೀಲೇ ಇತ್ತು, ಗ್ರಿಲ್ಲು ತೂಗೋದು. ಆಚಾರ್ರು ಅದರ ಮೇಲೆ ಬಲಗಾಲಿಟ್ಟು, ಎಡಗಾಲು ನೆಲದ ಮೇಲಿಟ್ಟು, ಕೋಲು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಭಾರ ಬಿಡೋರು. ಅಂಕಿ ಓದೋದು ಕಮಲಾಕ್ಷಮ್ಮ.

"ಎರಡು ಕೆಜಿ."

"ಇಷ್ಟು ಒತ್ತಿದ್ರೂ ಎರಡೇನಾ?"

"ಎರಡೇ ರೀ. ಇದಕ್ಕಿಂತ ನಮ್ಮನೆ ಬೆಕ್ಕು ಜಾಸ್ತಿ ತೂಗುತ್ತೆ."

ದಿನಾ ನಡುಗ್ತಾನೇ ಹತ್ತಿದ್ರು. ಹತ್ತಾಯ್ತು, ಇಪ್ಪತ್ತಾಯ್ತು, ನಲವತ್ತಾಯ್ತು. ಐವತ್ತಕ್ಕೆ ಬಂದು ನಿಂತ್ಬಿಡ್ತು. ಮಿಕ್ಕಿದ್ದೆಲ್ಲ ಎಡಗಾಲು, ಕೋಲಿನ ಮೇಲೆ. ಕೊನೇ ವಾರನೂ ಐವತ್ತೇ.

"ನಾಳೆ ಎಕ್ಸ್‌ರೇ ಇದೆ. ಆ ಕೋಲು ಬಿಡ್ರೀ" ಅಂದ್ರು ಕಮಲಾಕ್ಷಮ್ಮ.

"ಬಿಟ್ರೆ ಪ್ಲೇಟು ಮುರಿಯುತ್ತೆ. ನನಗೆ ಗೊತ್ತಾಗ್ತಿದೆ."

ಹಾಗಂದು ಕೋಲನ್ನ ಇನ್ನೂ ಬಲವಾಗಿ ಊರಿದ್ರು. ಫಟ್ ಅಂತ ಸದ್ದಾಯ್ತು.

"ಅಯ್ಯೋ, ಮುರೀತು! ಮುರೀತು ಕಣೇ!" ಗಾಬರೀಲಿ ನೆಲದ ಮೇಲಿದ್ದ ಎಡಗಾಲು ಮೇಲೆತ್ತಿ, ಕೊಕ್ಕರೆ ತರ ನಿಂತು ಕೂಗಿದ್ರು. ಕಮಲಾಕ್ಷಮ್ಮ ಓಡಿ ಬಂದು ಕಾಲು ನೋಡಿದ್ರು. ನೆಲ ನೋಡಿದ್ರು. ಆಮೇಲೆ ಅಂಕಿ ನೋಡಿದ್ರು.

"ರೀ, ಮುರಿದಿದ್ದು ಕೋಲು."

"ಮತ್ತೆ ನಾನು ಯಾತರ ಮೇಲೆ ನಿಂತಿದ್ದೀನಿ?"

"ಅರವತ್ತೆಂಟು ಕೆಜಿ. ನಿಮ್ಮ ಕಾಲ ಮೇಲೇ."

ಮಾರನೇ ದಿನದ ಎಕ್ಸ್‌ರೇಲಿ ಬಿರುಕಿನ ಸುತ್ತ ಹೊಸ ಮೂಳೆ ಬೆಳ್ಳಗೆ ಗಂಟು ಕಟ್ಟಿತ್ತು, ಒಳ್ಳೇ ವೆಲ್ಡಿಂಗ್ ತರ. ಆಚಾರ್ರು ಅದನ್ನ ತುಂಬಾ ಹೊತ್ತು ನೋಡಿ, "ಫಿನಿಶಿಂಗ್ ಸ್ವಲ್ಪ ಒರಟು" ಅಂದ್ರು. ಹಾಗಂದು ಕಣ್ಣೊರೆಸ್ಕೊಂಡ್ರು.

ಈಗ ಹತ್ತು ಎಂಎಂ ಸರಳಲ್ಲೇ ಗೇಟು ಮಾಡ್ತಾರೆ. ಆ ಚೌಕಟ್ಟಿಗೆ ಕಮಲಾಕ್ಷಮ್ಮ ಹೀರೇಬಳ್ಳಿ ಹಬ್ಬಿಸಿದ್ದಾರೆ.

ನೀತಿ: ಬಿದ್ದವರಿಗೆ ಆಸರೆ ಬೇಕು. ಆದ್ರೆ ನಮ್ಮ ಪಾಲಿನ ಭಾರನೆಲ್ಲ ತಾನೇ ಹೊತ್ಕೊಳ್ಳೋ ಆಸರೆ ನಮ್ಮನ್ನ ಒಳಗಿಂದ ಕರಗಿಸುತ್ತೆ. ಭಯ ಹೋಗಲಿ ಅಂತ ಕಾಯ್ಬೇಡಿ, ಭಯ ಇಟ್ಕೊಂಡೇ ದಿನಾ ಸ್ವಲ್ಪ ಸ್ವಲ್ಪ ಕಾಲೂರಿ. ಮತ್ತೆ, ಗೇಟು ನಿಲ್ಲಿಸೋವಾಗ ಅದರ ಕೆಳಗೆ ನಿಲ್ಬೇಡಿ.